ಟ್ಯಾಂಕಿಗೆ ಕೆಸರು ಬಳಿಯುವ ವಿದ್ಯೆ

ಪ್ಲಾಸ್ಟಿಕ್ ಟ್ಯಾಂಕು ಕಟ್ಟುವವರಲ್ಲಿ ಎರಡು ಮತಗಳಿವೆ. ಕಟ್ಟಿದ್ದನ್ನು ಗಾಜಿನ ಕಪಾಟಿನಲ್ಲಿಟ್ಟು ಕೈಕಟ್ಟಿ ನೋಡುವವರದು ಒಂದು. ಮೇಜಿನ ಮೇಲೆ ಬಿಟ್ಟು, ದಾಳ ಉರುಳಿಸಿ, ಎದುರಿನವನ ಟ್ಯಾಂಕಿನ ಮೇಲೆ ಹರಿಹಾಯಿಸುವವರದು ಇನ್ನೊಂದು. ಹೊರಗಿನವರ ಕಣ್ಣಿಗೆ ಇಬ್ಬರೂ ಒಂದೇ: ಕೂದಲು ನೆರೆತರೂ ಆಟದ ಸಾಮಾನು ಬಿಡದವರು. ಒಳಗೆ ಮಾತ್ರ ಪಂಕ್ತಿಭೇದವುಂಟು. ಗಾಜಿನ ಕಪಾಟಿನವರು ರಿವೆಟ್ ಎಣಿಸುತ್ತಾರೆ. ಇದು ಚುಚ್ಚುಮಾತಲ್ಲ. ಹಳೆಯ ಫೋಟೋವೊಂದನ್ನು ಭೂತಗನ್ನಡಿಯಡಿ ಹಿಡಿದು, ಎಡಗಡೆಯ ಮಡ್‌ಗಾರ್ಡಿನ ಅಂಚಿನಲ್ಲಿ ಎಷ್ಟು ರಿವೆಟ್ ಇದ್ದವು ಎಂದು ನಿಜಕ್ಕೂ ಎಣಿಸುತ್ತಾರೆ. ಕಿಟ್ಟಿನಲ್ಲಿ ಒಂದು ಕಡಿಮೆ ಬಿದ್ದರೆ ಅದನ್ನು ಮಾಡಿದವನ ಏಳು ತಲೆಮಾರನ್ನು ನೆನೆಯುತ್ತಾರೆ. ಆಟದವರ ಶಾಸ್ತ್ರ ಸರಳ. ಮೇಜಿನ ಆಚೆ ಬದಿಯಿಂದ, ಅಂದರೆ ಮೂರಡಿ ದೂರದಿಂದ ಟ್ಯಾಂಕು ಟ್ಯಾಂಕಾಗಿ ಕಂಡರೆ ಸಾಕು. ಕೈತಪ್ಪಿ ನೆಲಕ್ಕೆ ಬಿದ್ದರೆ ಎತ್ತಿ ಮತ್ತೆ ಯುದ್ಧಕ್ಕೆ ಕಳಿಸುವಂತಿರಬೇಕು. ನಾನು ಈ ಎರಡನೆಯ ಪಂಗಡದವನು. ತತ್ತ್ವನಿಷ್ಠೆಯಿಂದಲ್ಲ, ಕನ್ನಡಕದ ಪವರಿನಿಂದ. ಐವತ್ತು ದಾಟಿದವನಿಗೆ ರಿವೆಟ್ಟುಗಳು ತಾವಾಗಿಯೇ ಲೆಕ್ಕಕ್ಕೆ ಸಿಗುವುದಿಲ್ಲ.

ಈ ಹುಚ್ಚಿಗೆ ಒಳ್ಳೆಯ ವಂಶಾವಳಿಯೂ ಇದೆ. ಮನೆಯವರು ಮುಖ ಸಿಂಡರಿಸಿದಾಗ ಮುಂದೆ ಹಿಡಿಯಲು ಇಂಥದೊಂದು ಇರಬೇಕು. ಮಂಗಳ ಗ್ರಹದವರನ್ನು ಇಂಗ್ಲೆಂಡಿಗೆ ಇಳಿಸಿದ ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದರು. ನೆಲದ ಮೇಲೆ ಸೀಸದ ಸಿಪಾಯಿಗಳನ್ನು ನಿಲ್ಲಿಸಿ, ಸ್ಪ್ರಿಂಗ್ ತೋಪಿನಿಂದ ಅಂಗುಲದುದ್ದದ ಮರದ ತುಂಡು ಹಾರಿಸಿ ಉರುಳಿಸುವ ಆಟದ ನಿಯಮಗಳು ಅದರಲ್ಲಿವೆ. ಮಧ್ಯಾಹ್ನದ ಊಟ ಮುಗಿಸಿದ ಒಬ್ಬ ಅತಿಥಿ ಅಲ್ಲಿ ಬಿದ್ದಿದ್ದ ತೋಪನ್ನೆತ್ತಿ ಸಿಪಾಯಿಯೊಬ್ಬನಿಗೆ ಗುರಿಯಿಟ್ಟದ್ದೇ ಎಲ್ಲಕ್ಕೂ ಮೂಲವಂತೆ. ವೆಲ್ಸ್ ಆ ಅತಿಥಿಯ ಹೆಸರಿನ ಮೊದಲಕ್ಷರಗಳನ್ನಷ್ಟೇ ಕೊಡುತ್ತಾರೆ: ಜೆ.ಕೆ.ಜೆ. ಅದು ದೋಣಿಯಲ್ಲಿ ಮೂವರನ್ನೂ ಒಂದು ನಾಯಿಯನ್ನೂ ಕೂರಿಸಿದ ಜೆರೋಮ್ ಕೆ. ಜೆರೋಮ್ ಎಂದು ಬಲ್ಲವರ ಅಂಬೋಣ. ಊಟವಾದ ಮೇಲೆ ನಿದ್ದೆ ಮಾಡದಿದ್ದರೆ ಎಂಥ ಅನಾಹುತಗಳಾಗುತ್ತವೆ ನೋಡಿ. ಈ ಆಟಕ್ಕೆ ಹನ್ನೆರಡರಿಂದ ನೂರೈವತ್ತು ವರ್ಷದವರೆಗಿನವರು ಅರ್ಹರು ಎಂದು ವೆಲ್ಸ್ ಪುಸ್ತಕದ ಶುರುವಿನಲ್ಲೇ ಸಾರಿದ್ದರು. ಆ ಲೆಕ್ಕದಲ್ಲಿ ನಾನಿನ್ನೂ ಹುಡುಗ. ನಿಜವಾದ ಯುದ್ಧ ಮಾಡಬೇಕೆಂದು ಕುಣಿಯುವವರನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಹಾಕಿ ಈ ಆಟ ಆಡಿಸಿದರೆ ಲೋಕಕ್ಕೆ ಕ್ಷೇಮ ಎಂಬುದು ಅವರ ವಾದ. ಲೋಕ ಮರುವರ್ಷವೇ ಮಹಾಯುದ್ಧಕ್ಕೆ ಇಳಿಯಿತು.

ನಮ್ಮ ಕಡೆ ನೋಡಿದರೆ ಚದುರಂಗವೇ ಇದೆ. ಆನೆ, ಕುದುರೆ, ರಥ, ಕಾಲಾಳು ಎಲ್ಲವನ್ನೂ ಅರವತ್ತನಾಲ್ಕು ಮನೆಯೊಳಗೆ ಅಡಕಮಾಡಿದ ನಾಡು ನಮ್ಮದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಅರವತ್ತನಾಲ್ಕೂ ಮನೆಗಳನ್ನು ಕುದುರೆಯೊಂದು ಒಮ್ಮೊಮ್ಮೆ ಮಾತ್ರ ಮೆಟ್ಟಿ ಬರುವ ಬಗೆಗಳನ್ನು ಕಟ್ಟಿದವರು, ಹೊಸ ಹಲಗೆಯಾಟಗಳನ್ನೂ ರೂಪಿಸಿದವರು. 1831ರಲ್ಲಿ ಕಂಪನಿಯವರು ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡಿದ್ದರು. ನಿಜವಾದ ಕುದುರೆ ಓಡಿಸುವ ಅಧಿಕಾರ ಹೋದ ಮೇಲೆ ದಂತದ ಕುದುರೆಯನ್ನಾದರೂ ಇಷ್ಟಬಂದಂತೆ ಓಡಿಸೋಣ ಎಂದು ಅವರಿಗೆ ಅನ್ನಿಸಿತ್ತೋ ಏನೋ. ಇದು ಚರಿತ್ರೆಯಲ್ಲ, ನನ್ನ ಊಹೆ. ಮನೆಯಲ್ಲಿ ಟಿ.ವಿ. ರಿಮೋಟ್ ಮೇಲೂ ಹಿಡಿತವಿಲ್ಲದವರಿಗೆ ಈ ಊಹೆ ಬೇಗ ಹೊಳೆಯುತ್ತದೆ.

ಈ ಸಲ ಕಟ್ಟಲು ಆರಿಸಿಕೊಂಡದ್ದು ಸ್ಟುವರ್ಟ್ ಟ್ಯಾಂಕು, ಎಂ5. ಅಮೆರಿಕದ ಟ್ಯಾಂಕುಗಳಿಗೆ ಅಮೆರಿಕದ ಅಂತರ್ಯುದ್ಧದ ಸೇನಾಪತಿಗಳ ಹೆಸರಿಟ್ಟವರು ಬ್ರಿಟಿಷರು. ಲೀ, ಗ್ರ್ಯಾಂಟ್, ಶರ್ಮನ್, ಸ್ಟುವರ್ಟ್: ಬದುಕಿದ್ದಾಗ ಪರಸ್ಪರ ಗುಂಡು ಹಾರಿಸಿಕೊಂಡವರನ್ನೆಲ್ಲ ಒಂದೇ ಶೆಡ್ಡಿನಲ್ಲಿ ನಿಲ್ಲಿಸಿದರು. ಸ್ಟುವರ್ಟ್ ಹಗುರ ಟ್ಯಾಂಕು. ಹದಿನೈದು ಟನ್ನಿನ ಆಸುಪಾಸು, ನಾಲ್ಕು ಜನ, 37 ಮಿಲಿಮೀಟರಿನ ತೋಪು. ಇದರ ಅಣ್ಣ ಎಂ3ಗೆ ವಿಮಾನದ ಎಂಜಿನ್ ಇತ್ತು. ವಿಮಾನಗಳಿಗೇ ಎಂಜಿನ್ ಸಾಲದಾದಾಗ ತಮ್ಮನಿಗೆ ಎರಡು ಕ್ಯಾಡಿಲಾಕ್ ಕಾರಿನ ಎಂಜಿನ್ ಹಾಕಿ ಕಳಿಸಿದರು, ಆಟೋಮ್ಯಾಟಿಕ್ ಗೇರಿನ ಸಮೇತ. ಹೊಸ ಕಾರಿನಲ್ಲಿ ಆಟೋಮ್ಯಾಟಿಕ್ ಬಂತೆಂದು ನನ್ನ ಭಾವಮೈದ ಈಚೆಗೆ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದ. ಎರಡನೆಯ ಮಹಾಯುದ್ಧದ ಟ್ಯಾಂಕಿನಲ್ಲೇ ಇತ್ತು ಎಂದು ನಾನು ಹೇಳಿದ್ದು ಅವನಿಗೆ ಹಿಡಿಸಿದಂತೆ ಕಾಣಲಿಲ್ಲ.

ಟೈಗರ್, ಪ್ಯಾಂಥರ್ ಎಂಬ ಜರ್ಮನ್ ಹುಲಿ ಚಿರತೆಗಳೆಲ್ಲ ಅಂಗಡಿಯಲ್ಲಿರುವಾಗ ಈ ಕ್ಯಾಡಿಲಾಕನ್ನು ಆರಿಸಿಕೊಳ್ಳಲು ಕಾರಣ ಜೋಜಿ ಲಾ. 1948ರಲ್ಲಿ ಪಾಕಿಸ್ತಾನದ ಕಡೆಯವರು ಆ ಕಣಿವೆದಾರಿಯನ್ನು ಹಿಡಿದು ಕುಳಿತಿದ್ದರು. ಲಡಾಖಿಗೆ ಹೋಗುವ ಬಾಗಿಲೇ ಮುಚ್ಚಿತ್ತು. ಎತ್ತರ ಹನ್ನೊಂದೂವರೆ ಸಾವಿರ ಅಡಿ. ಮೊದಲ ದಾಳಿ ಫಲಿಸಲಿಲ್ಲ. ಆಗ ಡಿವಿಜನ್ ನಡೆಸುತ್ತಿದ್ದ ಮಡಿಕೇರಿಯ ತಿಮ್ಮಯ್ಯನವರು ಟ್ಯಾಂಕುಗಳನ್ನೇ ಮೇಲಕ್ಕೆ ಹತ್ತಿಸುವುದೆಂದು ನಿರ್ಧರಿಸಿದರು. ಅಷ್ಟು ಎತ್ತರದಲ್ಲಿ ಟ್ಯಾಂಕು ಕಾದಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ, ಎದುರಿನವರಂತೂ ಕನಸಿನಲ್ಲೂ ಎಣಿಸಿರಲಿಲ್ಲ. ನವೆಂಬರ್ 1ರಂದು ಹಿಮದ ನಡುವೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್‌ಗಳು ಕಣಿವೆ ದಾಟಿದವು. ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರೆಂದು ಹೇಳುತ್ತಾರೆ. ಆ ತಿಂಗಳು ಮುಗಿಯುವುದರೊಳಗೆ ದ್ರಾಸ್ ಮತ್ತು ಕಾರ್ಗಿಲ್ ಕೈಸೇರಿ ಲೇಹ್ ದಾರಿ ತೆರೆಯಿತು. ಈ ಕಾರ್ಯಾಚರಣೆಗೆ ಮೊದಲಿಟ್ಟ ಹೆಸರು ಡಕ್. ಆಮೇಲೆ ಅದು ಬೈಸನ್ ಆಯಿತು. ಆಗ ಪಶ್ಚಿಮ ಕಮಾಂಡಿನ ಮುಖ್ಯಸ್ಥರು ಕಾರಿಯಪ್ಪನವರು, ಅವರೂ ಕೊಡಗಿನವರು. ಕಾಟಿ ಓಡಾಡುವ ಕಾಡಿನ ಕಡೆಯ ಇಬ್ಬರು ಇದ್ದಲ್ಲಿ ಬಾತುಕೋಳಿ ಬಹಳ ದಿನ ಬಾಳುವ ಹಾಗಿರಲಿಲ್ಲ.

ಇನ್ನು ಅಳತೆಯ ಮಾತು. ನನ್ನ ಸ್ಟುವರ್ಟ್ 1:72ರದು. ಆರಡಿಗೆ ಒಂದಂಗುಲ. ಸುಮಾರು ಹದಿನಾರಡಿ ಉದ್ದದ ಟ್ಯಾಂಕು 67 ಮಿಲಿಮೀಟರಿಗೆ ಇಳಿಯುತ್ತದೆ. ಗಾಜಿನ ಕಪಾಟಿನವರಿಗೆ 1:35 ಪ್ರಿಯ. ಆ ಸಂಖ್ಯೆಗೆ ಏನೋ ಘನವಾದ ಗಣಿತದ ಕಾರಣವಿರಬೇಕೆಂದು ಬಹಳ ಕಾಲ ನಂಬಿದ್ದೆ. ಅರವತ್ತರ ದಶಕದ ಮೊದಲಿಗೆ ಜಪಾನಿನ ತಮಿಯಾ ಕಂಪನಿಯವರು ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡಹೊರಟಾಗ ಅದರೊಳಗೆ ಮೋಟಾರೂ ಬ್ಯಾಟರಿಯೂ ಹಿಡಿಸಬೇಕಿತ್ತು. ಹಿಡಿಸುವಷ್ಟು ದೊಡ್ಡದು ಮಾಡಿದರು. ಆಮೇಲೆ ಅಳೆದು ನೋಡಿದರೆ ಸುಮಾರು 1:35 ಬಂತು. ಅದೇ ಜಗತ್ತಿನ ಪ್ರಮಾಣವಾಯಿತು. ಶಾಸ್ತ್ರಗಳೆಲ್ಲ ಹುಟ್ಟುವುದು ಹೀಗೇ ಇರಬಹುದು, ಹುಡುಕುತ್ತಾ ಹೋದರೆ ತಳದಲ್ಲಿ ಒಂದು ಬ್ಯಾಟರಿ ಸೆಲ್ಲು.

ಆಟದವರಲ್ಲಿ ಇನ್ನೊಂದು ಅಳತೆಯಿದೆ, 'ಹೀರೋಯಿಕ್ ಸ್ಕೇಲ್' ಅಂತ. 28 ಮಿಲಿಮೀಟರಿನ ಸಿಪಾಯಿಗೆ ತಲೆ ಮತ್ತು ಕೈಗಳು ಮೈಗೆ ಮೀರಿದಷ್ಟು ದೊಡ್ಡವು, ಬಂದೂಕು ಒನಕೆಗಾತ್ರ. ದೂರದಿಂದ ಕಾಣಲಿ, ಬಣ್ಣ ಹಚ್ಚಲು ಸಲೀಸಾಗಲಿ ಎಂದು ಹಾಗೆ. ಕಪಾಟಿನವರು ಇದನ್ನು ನೋಡಿ ಹುಬ್ಬು ಗಂಟಿಕ್ಕುತ್ತಾರೆ. ಅಂಥವರನ್ನು ನಾನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಬೇಗೂರಿನ ವೀರಗಲ್ಲಿನ ಮುಂದೆ ನಿಲ್ಲಿಸಬೇಕೆಂದಿದ್ದೇನೆ. ಗಂಗರ ಕಾಲದ ಕಾಳಗವೊಂದು, ಆನೆ ಕುದುರೆ ಕಾಲಾಳುಗಳ ಸಮೇತ, ಒಂದೇ ಚಪ್ಪಡಿಯ ಮೇಲೆ ಕಿಕ್ಕಿರಿದಿದೆ. ಸಾವಿರ ವರ್ಷದ ಹಿಂದಿನ ಈ ಕಲ್ಲುಕುಟಿಗರ ಅಳತೆಪಟ್ಟಿ ಬೇರೆಯೇ. ನಾಡಿನ ಎಷ್ಟೋ ವೀರಗಲ್ಲುಗಳಲ್ಲಿ ಸತ್ತ ವೀರ ಆಳೆತ್ತರ, ಅವನು ಕೊಂದವರು ಮೊಣಕಾಲುದ್ದ. ಯಾರು ಮುಖ್ಯವೋ ಅವರು ದೊಡ್ಡವರು. ಈಗಿನ ಫ್ಲೆಕ್ಸ್ ಬೋರ್ಡುಗಳೂ ಅದೇ ಸಂಪ್ರದಾಯದವು.

ಉದ್ದ ಎಪ್ಪತ್ತೆರಡು ಪಟ್ಟು ಇಳಿದರೆ ತೂಕ ಅದರ ಘನದಷ್ಟು ಇಳಿಯಬೇಕು. ಹದಿನೈದು ಟನ್ನನ್ನು 3,73,248ರಿಂದ ಭಾಗಿಸಿದೆ. ಸುಮಾರು 40 ಗ್ರಾಂ ಬಂತು. ಕಟ್ಟಿದ ಟ್ಯಾಂಕು ಅದರ ಅರ್ಧವೂ ತೂಗಲಿಲ್ಲ. ಫ್ಯಾನ್ ಹಾಕಿದರೆ ಹಿಮ್ಮೆಟ್ಟುವ ಟ್ಯಾಂಕನ್ನು ಯಾವ ಶತ್ರು ಲೆಕ್ಕಕ್ಕಿಡುತ್ತಾನೆ? ಆದ್ದರಿಂದ ಒಡಲೊಳಗೆ ಭಾರ ತುಂಬುವುದು ಆಟದವರ ಪದ್ಧತಿ. ಸೈಕಲ್ ಶಾಪಿನಿಂದ ಬೇರಿಂಗ್ ಗುಂಡುಗಳನ್ನು ತಂದು, ಎಂ-ಸೀಲ್ ಕಲೆಸಿ, ಅದರಲ್ಲಿ ಹುದುಗಿಸಿದೆ. ಈಗ ಅಂಗೈಯಲ್ಲಿಟ್ಟರೆ ಘನತೆಯಿದೆ.

ಕಟ್ಟುವ ಕೆಲಸದಲ್ಲಿ ವರ್ಣಿಸುವಂಥದ್ದು ಹೆಚ್ಚಿಲ್ಲ. ಡಬ್ಬದೊಳಗೆ ಪ್ಲಾಸ್ಟಿಕ್ ಚೌಕಟ್ಟುಗಳಿರುತ್ತವೆ, ಸ್ಪ್ರೂ ಎನ್ನುತ್ತಾರೆ. ಅದರಿಂದ ಭಾಗಗಳನ್ನು ಕತ್ತರಿಸಿ, ಗಂಟನ್ನು ಉಪ್ಪುಕಾಗದದಲ್ಲಿ ಉಜ್ಜಿ, ಅಂಟಿಸುತ್ತಾ ಹೋಗುವುದು. ಅಂಟು ಎಂದರೂ ಅದು ಅಂಟಲ್ಲ, ದ್ರಾವಕ. ಎರಡು ಅಂಚುಗಳನ್ನು ಕೂಡಿಸಿ ಕುಂಚದ ತುದಿಯಿಂದ ಒಂದು ಹನಿ ಮುಟ್ಟಿಸಿದರೆ ಬಿರುಕಿನುದ್ದಕ್ಕೂ ತಾನೇ ಹರಿದು, ಎರಡು ಬದಿಯ ಪ್ಲಾಸ್ಟಿಕನ್ನೂ ಕರಗಿಸಿ, ಒಂದಾಗಿಸಿ, ಆರಿಹೋಗುತ್ತದೆ. ಕಿಟಕಿ ತೆರೆದಿಟ್ಟುಕೊಳ್ಳಬೇಕು. ಚಕ್ರಗಳು ಮಾತ್ರ ಬೇಸರ. ಸ್ಟುವರ್ಟ್‌ಗೆ ಪಕ್ಕಕ್ಕೆ ನಾಲ್ಕೇ ನೆಲದ ಚಕ್ರ, ಮುಂದೊಂದು ಹಲ್ಲಿನ ಚಕ್ರ, ಹಿಂದೊಂದು ದೊಡ್ಡದು, ಮೇಲೆ ಮೂರು ಉರುಳೆ. ಟೈಗರ್ ಕಟ್ಟುವವರಿಗೆ ಒಂದರ ಹಿಂದೊಂದು ಅಡಗಿದ ಚಕ್ರಗಳ ಕಾಡೇ ಇರುತ್ತದೆ. ಜರ್ಮನರು ಯುದ್ಧ ಸೋತದ್ದಕ್ಕೆ ಇತಿಹಾಸಕಾರರು ಕೊಡುವ ಕಾರಣಗಳ ಜತೆಗೆ ಇದನ್ನೂ ಸೇರಿಸಿಕೊಳ್ಳಬಹುದು.

ತೋಪಿನ ನಳಿಗೆಯ ಬಗ್ಗೆ ನಾಲ್ಕು ಮಾತು ಹೆಚ್ಚಿಗೆ ಹೇಳಲೇಬೇಕು. ಆಟದ ಟ್ಯಾಂಕಿನಲ್ಲಿ ಮೊದಲು ಮುರಿಯುವ ಅಂಗ ಅದೇ. ಎಲ್ಲರೂ ಟ್ಯಾಂಕನ್ನು ಎತ್ತುವುದು ಅದನ್ನೇ ಹಿಡಿದು. ಹಾಗಾಗಿ ಪ್ಲಾಸ್ಟಿಕ್ ನಳಿಗೆ ತೆಗೆದು ಲೋಹದ್ದು ಹಾಕುವುದು ಜಾಣತನ. 37 ಮಿಲಿಮೀಟರನ್ನು 72ರಿಂದ ಭಾಗಿಸಿದರೆ 0.514. ಆಸ್ಪತ್ರೆಗಳಲ್ಲಿ ದಿನಬೆಳಗಾದರೆ ಬಳಸುವ 21 ಗೇಜಿನ ಇಂಜೆಕ್ಷನ್ ಸೂಜಿಯ ಒಳವ್ಯಾಸ 0.514 ಮಿಲಿಮೀಟರ್. ದಶಾಂಶದ ಮೂರು ಸ್ಥಾನದವರೆಗೂ ಒಂದೇ! ಇದು ಗೊತ್ತಾದ ದಿನ ನಾನು ಯಾರಿಗಾದರೂ ಹೇಳಲೇಬೇಕೆಂದು ಮನೆಯಲ್ಲೆಲ್ಲ ಓಡಾಡಿದೆ. ಹೆಂಡತಿ ಸೊಪ್ಪು ಬಿಡಿಸುತ್ತಾ ಪೂರ್ತಿ ಕೇಳಿ, "ಸರಿ, ಈಗ ಏನು ಮಾಡಬೇಕು?" ಎಂದಳು. ಔಷಧಿ ಅಂಗಡಿಯವನು ಇನ್ನೂ ಒಂದು ಹೆಜ್ಜೆ ಮುಂದೆ. ಸೂಜಿ ಮಾತ್ರ ಸಾಕು, ಸಿರಿಂಜ್ ಬೇಡ ಎಂದಾಗ ನನ್ನ ತೋಳನ್ನೇ ನೋಡಿದ. "ಯಾರಿಗೆ ಸಾರ್?" "ಟ್ಯಾಂಕಿಗೆ." ಸೂಜಿ ಕೊಟ್ಟ, ಆದರೆ ಅಂದಿನಿಂದ ನನ್ನ ಬಿ.ಪಿ. ಮಾತ್ರೆಗೂ ಚೀಟಿ ಕೇಳುತ್ತಾನೆ. ಸೂಜಿಯ ಮೊನೆಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ ಕೂರಿಸಿದೆ. ರಿವೆಟ್ ಎಣಿಸುವವನೊಬ್ಬ ಬಂದು ಎಲ್ಲ ತಪ್ಪನ್ನೂ ಹುಡುಕಲಿ, ನಳಿಗೆಯ ತೂತನ್ನು ಅಳೆದು ಬಾಯಿ ಮುಚ್ಚಿಕೊಂಡು ಹೋಗಲಿ ಎಂಬ ಸಣ್ಣ ಆಸೆಯೊಂದು ಈಗಲೂ ಇದೆ.

ತೋಪು ಕೂತಿರುವ ತಿರುಗುವ ಗೋಪುರವನ್ನು, ಅಂದರೆ ಟರೆಟ್ಟನ್ನು, ಆಟದವರು ಅಂಟಿಸುವುದಿಲ್ಲ. ಗುರಿಯತ್ತ ತಿರುಗಿಸಬೇಕಲ್ಲ, ಜತೆಗೆ ಟ್ಯಾಂಕು ಹಾಳಾದರೆ ಟರೆಟ್ಟನ್ನು ಎತ್ತಿ ಪಕ್ಕಕ್ಕಿಟ್ಟು ಹತ್ತಿಯ ಹೊಗೆ ಸಿಕ್ಕಿಸುವ ಸಂಪ್ರದಾಯವೂ ಇದೆ. ನನ್ನದೂ ಬಿಡಿಯಾಗಿಯೇ ಇದೆ. ಜೋಜಿ ಲಾದ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದೂ ಇದೇ ಸಂಗತಿ: ಆ ಸ್ಟುವರ್ಟ್‌ಗಳು ಜಮ್ಮು ಕಡೆಯಿಂದ ಶ್ರೀನಗರ ದಾಟಿ ಕಣಿವೆಯ ಬುಡದ ಬಾಲ್ತಾಲಿಗೆ ಬಂದದ್ದು ಟರೆಟ್ ಬಿಚ್ಚಿಸಿಕೊಂಡು. ದಾರಿಯ ಸೇತುವೆಗಳು ಅವುಗಳ ಭಾರಕ್ಕೆ ಕಟ್ಟಿದವಲ್ಲ, ನೋಡುವ ಕಣ್ಣುಗಳೂ ಎಲ್ಲ ಕಡೆ ಇದ್ದವು. ಟರೆಟ್ ಇಲ್ಲದೆ ಬಟ್ಟೆ ಹೊದ್ದುಕೊಂಡ ಟ್ಯಾಂಕನ್ನು ಟ್ಯಾಂಕೆಂದು ಯಾರು ಹೇಳಬೇಕು? ಬಾಲ್ತಾಲಿನಲ್ಲಿ ಮತ್ತೆ ಕೂರಿಸಿದರು. ಆದ್ದರಿಂದ ನನ್ನ ಪೆಟ್ಟಿಗೆಯಲ್ಲಿ ಟ್ಯಾಂಕಿನ ಒಡಲು ಒಂದು ಗೂಡಿನಲ್ಲಿ, ಟರೆಟ್ ಇನ್ನೊಂದರಲ್ಲಿ ಪ್ರಯಾಣ ಮಾಡುತ್ತವೆ. ಗೆಳೆಯನ ಮನೆಗೆ ಹೋಗಿ ಮೇಜಿನ ಮೇಲೆ ಜೋಡಿಸುವ ಆ ಕ್ಷಣಕ್ಕೆ ಆಟದ ನಿಯಮಪುಸ್ತಕದಲ್ಲಿ ಬೆಲೆಯಿಲ್ಲ, ನನಗಿದೆ.

ಬಣ್ಣಕ್ಕೆ ಬಂದೆವು. ಇದರಲ್ಲಿ ಕೈ ಹಾಕುವ ಮೊದಲು ದೇವರಿಗೆ ನಮಸ್ಕರಿಸಿ 'ಆಲಿವ್ ಡ್ರ್ಯಾಬಿನ ಸರಿಯಾದ ಛಾಯೆ ಯಾವುದು' ಎಂಬ ಪ್ರಶ್ನೆಯನ್ನು ಎಲ್ಲೂ ಎತ್ತದಂತೆ ನಾಲಿಗೆಗೆ ಬುದ್ಧಿ ಹೇಳಬೇಕು. ಅಮೆರಿಕದ ಕಾರ್ಖಾನೆಗಳಿಂದ ಟ್ಯಾಂಕು ಹೊರಬಿದ್ದದ್ದು ಈ ಬಣ್ಣದಲ್ಲಿ. ಕಪ್ಪಿಗೆ ಹಳದಿ ಮಣ್ಣಿನ ಬಣ್ಣ ಬೆರೆಸಿ ನೋಡಿ, ಹಸಿರಿನ ಹನಿಯೂ ಹಾಕದೆ ಅದು ಹಸಿರಿಗೆ ತಿರುಗುತ್ತದೆ. ಅದೇ ಆಲಿವ್ ಡ್ರ್ಯಾಬಿನ ಕುಲ. ಬಿಸಿಲಿಗೆ ಬಿದ್ದರೆ ಮಾಸುತ್ತದೆ, ಎಣ್ಣೆ ತಾಗಿದರೆ ಕಪ್ಪಾಗುತ್ತದೆ, ಧೂಳು ಕೂತರೆ ಕಂದಾಗುತ್ತದೆ. ಉಳಿದಿರುವ ಫೋಟೋಗಳೋ ಬಹುಪಾಲು ಕಪ್ಪು ಬಿಳುಪು. ಇಷ್ಟು ಅನುಕೂಲವಿರುವ ವಿಷಯದ ಮೇಲೆ ಜಗಳವಾಡದಿದ್ದರೆ ಮನುಷ್ಯಜನ್ಮ ವ್ಯರ್ಥವೆಂದು ತಿಳಿದವರು ಎಲ್ಲ ದೇಶಗಳಲ್ಲೂ ಇದ್ದಾರೆ. ಸಣ್ಣ ಮಾದರಿಗೆ ಡಬ್ಬಿಯ ಬಣ್ಣವನ್ನು ಇದ್ದಂತೆಯೇ ಹಚ್ಚಬಾರದು, ತುಸು ತಿಳಿ ಮಾಡಬೇಕು ಎಂಬುದೊಂದು ನಿಯಮ ಮಾತ್ರ ನನಗೆ ಒಪ್ಪಿಗೆ. ದೂರದ ಬೆಟ್ಟ ನೀಲಿಯಾಗಿ ಮಸುಕಾಗಿ ಕಾಣುವಂತೆ, ದೂರದ ಟ್ಯಾಂಕೂ ಮಸುಕು. ಮೂರಡಿಯಲ್ಲಿರುವ ನನ್ನ ಟ್ಯಾಂಕು ಲೆಕ್ಕಕ್ಕೆ ಇನ್ನೂರು ಅಡಿ ಆಚೆಯದು.

ಕ್ರಮ ಹೀಗೆ. ಮೊದಲು ಪ್ರೈಮರ್. ಅದು ಒಣಗಿದ ಮೇಲೆ ನೀರಿನಷ್ಟು ತೆಳುವಾದ ಬಣ್ಣ, ಎರಡು ಮೂರು ಸಲ. ಆಗ ಟ್ಯಾಂಕು ಕಾರ್ಖಾನೆಯಿಂದ ಆಗತಾನೆ ಬಂದ ಹಾಗೆ ನಿಂತಿರುತ್ತದೆ. ನೋಡಿ ಸಂತೋಷಪಡಲು ಒಂದು ಸಂಜೆ ರಜೆ. ಮಾರನೆಯ ದಿನದಿಂದ ಅದನ್ನು ಹಾಳುಮಾಡುವ ಕೆಲಸ. ಮದುಮಗಳಿಗೆ ಸಿಂಗಾರವೆಲ್ಲ ಮುಗಿಸಿ ಕೆಸರುಗದ್ದೆಗೆ ಇಳಿಸಿದ ಹಾಗೆ. ಕಂದು ಕಪ್ಪು ಬಣ್ಣವನ್ನು ನೀರಾಗಿ ಕಲೆಸಿ ಮೈಮೇಲೆಲ್ಲ ಹರಿಸಿದರೆ ಅದು ಸಂದುಗಳಲ್ಲಿ, ರಿವೆಟ್ಟುಗಳ ಸುತ್ತ ನಿಂತು ನೆರಳಾಗುತ್ತದೆ, ಇದು ವಾಶ್. ಹೆಸರು ವಾಶ್, ಮಾಡುವುದು ಗಲೀಜು. ಆಮೇಲೆ ಡ್ರೈಬ್ರಷ್. ಹಳೆಯ ಕುಂಚವನ್ನು ತಿಳಿ ಬಣ್ಣದಲ್ಲಿ ಅದ್ದಿ, ಹಳೆ ಪತ್ರಿಕೆಗೆ ಒರೆಸಿ ಒರೆಸಿ, ಇನ್ನೇನೂ ಉಳಿದಿಲ್ಲ ಎನ್ನುವ ಹೊತ್ತಿಗೆ ಅಂಚುಗಳ ಮೇಲೆ ಆಡಿಸಬೇಕು. ಏನೂ ಇಲ್ಲದ ಕುಂಚದಿಂದ ಎಲ್ಲವೂ ಎದ್ದು ಬರುತ್ತದೆ. ವಾಶ್ ತಗ್ಗನ್ನು ತೋರಿಸಿತು, ಇದು ಉಬ್ಬನ್ನು. ಕಿಟ್ಟಿನ ಜತೆ ಬಂದಿದ್ದ ಅಮೆರಿಕದ ಬಿಳಿ ನಕ್ಷತ್ರಗಳ ಡೆಕಲ್ ಹಾಳೆಗೆ ಈ ಕಣಿವೆಯಲ್ಲಿ ಕೆಲಸವಿಲ್ಲ; ಅದು ಡ್ರಾಯರಿನಲ್ಲಿ ಗ್ಯಾಸ್ ಬಿಲ್ಲುಗಳ ಕೆಳಗೆ ವಿಶ್ರಾಂತಿಯಲ್ಲಿದೆ. ರೇಡಿಯೋದ ಕಂಬಿಗೆ ನೈಲಾನ್ ಪೊರಕೆಯ ಒಂದು ಎಳೆ, ಬಗ್ಗಿದರೂ ಮುರಿಯುವುದಿಲ್ಲ.

ಕೆಸರು ಒಂದು ಪ್ರತ್ಯೇಕ ಅಧ್ಯಾಯ. ಹಿತ್ತಲಿನ ಮಣ್ಣನ್ನು ಚಹಾ ಸೋಸುವ ಜಾಲರಿಯಲ್ಲಿ ಸೋಸಿ (ಮನೆಯಲ್ಲಿ ಎರಡು ಜಾಲರಿಗಳಿವೆ, ಯಾವುದು ಯಾವುದೆಂದು ನನಗೆ ಸ್ಪಷ್ಟವಾಗಿ ಗೊತ್ತು) ಬಿಳಿ ಅಂಟಿನಲ್ಲಿ ಕಲೆಸುತ್ತೇನೆ. ಟ್ಯಾಂಕಿಗೆ ಕೆಸರು ಎಲ್ಲೆಂದರಲ್ಲಿ ಮೆತ್ತಿಕೊಳ್ಳುವುದಿಲ್ಲ. ಚಕ್ರಗಳ ಸುತ್ತ ಓಡುವ ಪಟ್ಟಿ ಎತ್ತಿ ಎಸೆದದ್ದು ಮಡ್‌ಗಾರ್ಡಿನ ಒಳಗೆ, ಹಿಂಬದಿಯಲ್ಲಿ. ಹತ್ತುವವನ ಬೂಟು ತಾಗುವ ಕಡೆ ಒರಟು ಕಲೆ. ಚಕ್ರದ ರಬ್ಬರ್ ಅಂಚಿನಲ್ಲಿ ಕಡಿಮೆ, ನಡುವೆ ಹೆಚ್ಚು. ಇದನ್ನೆಲ್ಲ ತಿಳಿಯಲು ಮಳೆಗಾಲದಲ್ಲಿ ನಮ್ಮ ರಸ್ತೆಯ ಜೆ.ಸಿ.ಬಿ.ಯನ್ನು ಗಮನಿಸಿದರೆ ಸಾಕು, ಅದು ಯಾವಾಗಲೂ ಸಿಗುತ್ತದೆ. ನಾನು ಅದರ ಹಿಂಭಾಗವನ್ನು ಬಗ್ಗಿ ನೋಡುತ್ತಾ ನಿಂತಿದ್ದಾಗ ಡ್ರೈವರು ಇಳಿದು ಬಂದು, ಪೈಪ್ ಒಡೆದದ್ದು ತಾನಲ್ಲ ಎಂದು ತಾನೇ ಸಮಜಾಯಿಷಿ ಕೊಟ್ಟ. ಹಿಮಕ್ಕೆ ಅಡುಗೆ ಸೋಡಾ ಬಳಸುವವರಿದ್ದಾರೆ; ಅಂಟಿನ ಜತೆ ಸೇರಿ ಕಾಲಾಂತರದಲ್ಲಿ ಹಳದಿಯಾಗುತ್ತದೆಂಬ ದೂರೂ ಇದೆ, ಹಳದಿ ಹಿಮದ ಬಗ್ಗೆ ಹೆಚ್ಚು ಹೇಳದಿರುವುದು ಮೇಲು. ನನ್ನ ಹಿಮ ರಂಗೋಲಿ ಪುಡಿ. ಬಿಳಿಗಲ್ಲಿನ ಪುಡಿಯಾದ್ದರಿಂದ ಬಣ್ಣ ಕೆಡುವುದಿಲ್ಲ, ದೀಪದ ಕೆಳಗೆ ಸ್ವಲ್ಪ ಮಿನುಗುತ್ತದೆ. ಕೊನೆಗೆ ಎಲ್ಲಕ್ಕೂ ಮ್ಯಾಟ್ ವಾರ್ನಿಷ್. ಆಡುವವರ ಬೆರಳೆಣ್ಣೆಗೆ ಬಣ್ಣ ಏಳಬಾರದು. ಮನೆಗೆಲಸಕ್ಕೆ ಬರುವಾಕೆ ಒಮ್ಮೆ ಟ್ಯಾಂಕನ್ನೆತ್ತಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಕೆಸರು ಹೋಗದ್ದನ್ನು ಕಂಡು, "ಇದಕ್ಕೆ ಸರ್ಫ್ ಹಾಕಿ ಉಜ್ಜಲಾ?" ಎಂದು ಕೇಳಿದಳು. ವಾರ್ನಿಷ್‌ಗೆ ಅದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕಿಲ್ಲ.

ಟ್ಯಾಂಕು ಸಿದ್ಧವಾಯಿತು, ಈಗ ಬೆಟ್ಟ ಬೇಕು. ಬಾಲ್ತಾಲಿನಿಂದ ಕಣಿವೆಯ ನೆತ್ತಿಗೆ ಎರಡೂವರೆ ಸಾವಿರ ಅಡಿಯಷ್ಟು ಏರು. ಎಪ್ಪತ್ತೆರಡರಿಂದ ಭಾಗಿಸಿದರೆ 35 ಅಡಿ: ಗೆಳೆಯನ ಮನೆಯ ಗೇಟಿನಿಂದ ತಾರಸಿಯ ನೀರಿನ ಟ್ಯಾಂಕಿನವರೆಗೆ. ಸಾವಿರ ಮೀಟರು ಹಾರುವ ಗುಂಡಿಗೆ ಹದಿನಾಲ್ಕು ಮೀಟರ್ ಮೇಜು ಬೇಕು. ಎದುರು ಮನೆಯವರ ವರಾಂಡದಿಂದ ಗುಂಡು ಹಾರಿಸಬೇಕಾಗುತ್ತದೆ. ಹಾಗಾಗಿ ಈ ಆಟದಲ್ಲಿ ಟ್ಯಾಂಕಿಗೆ ಒಂದು ಅಳತೆ, ನೆಲಕ್ಕೆ ಇನ್ನೊಂದು ಅಳತೆ ಎಂಬ ಒಪ್ಪಂದ ಮೊದಲಿನಿಂದಲೂ ಇದೆ. ಫ್ರಿಜ್ಜಿನ ಡಬ್ಬದಿಂದ ಬಂದ ಥರ್ಮೋಕೋಲನ್ನು ಕೆತ್ತಿ, ಪ್ಲಾಸ್ಟರ್ ಮೆತ್ತಿ, ಎರಡಡಿಯ ಬೆಟ್ಟ ಮಾಡಿದೆವು. ಹಿಮಾಲಯ ಎನ್ನಲು ಸಂಕೋಚವಾಗುತ್ತದೆ, ಆದರೂ ಅಂದೆವು.

ಆಮೇಲೆ ದಾಳ. ನಮ್ಮಲ್ಲಿ ದಾಳ ಉರುಳಿದ್ದು ಯುದ್ಧಕ್ಕೆ ಹದಿಮೂರು ವರ್ಷ ಮೊದಲು, ಹಸ್ತಿನಾವತಿಯ ಸಭೆಯಲ್ಲಿ. ಈ ಆಟದಲ್ಲಿ ಯುದ್ಧದ ನಟ್ಟನಡುವೆ ಉರುಳುತ್ತದೆ. ಗುಂಡು ತಾಗಿತೇ, ತಾಗಿದರೆ ಕವಚ ಸೀಳಿತೇ, ಸೀಳಿದರೆ ಒಳಗೆ ಏನಾಯಿತು, ಒಂದೊಂದಕ್ಕೂ ಒಂದೊಂದು ಎಸೆತ. 1824ರಲ್ಲಿ ಪ್ರಷ್ಯದ ಯುವ ಅಧಿಕಾರಿ ರೈಸ್‌ವಿಟ್ಸ್ ನಕಾಶೆಯ ಮೇಲೆ ತುಂಡುಗಳನ್ನಿಟ್ಟು ಸೇನಾಧಿಕಾರಿಗಳಿಗೆ ಯುದ್ಧ ಕಲಿಸುವ ಆಟ ರೂಪಿಸಿದಾಗಲೇ ದಾಳ ಒಳಗೆ ಬಂದಿತ್ತು. ಯುದ್ಧದಲ್ಲಿ ಎಲ್ಲವೂ ಅಂದುಕೊಂಡಂತೆ ಆಗುವುದಿಲ್ಲ ಎಂಬುದನ್ನು ಕಲಿಸಲು ಅದೇ ಸರಿ. ಕಲಿಯುವುದು ಬಿಡುವುದು ಅವರವರ ಮೇಲೆ. 1942ರಲ್ಲಿ ಮಿಡ್‌ವೇ ಕದನಕ್ಕೆ ಮೊದಲು ಜಪಾನಿನ ನೌಕಾಧಿಪತಿಗಳು ಹೀಗೇ ಮೇಜಿನ ಮೇಲೆ ಆಡಿ ನೋಡಿದರು. ದಾಳದ ಪ್ರಕಾರ ಅವರ ಎರಡು ವಿಮಾನವಾಹಕ ಹಡಗುಗಳು ಮುಳುಗಬೇಕಿತ್ತು. ಅಡ್ಮಿರಲ್ ಉಗಾಕಿ ಬಿದ್ದ ಬಾಂಬುಗಳ ಲೆಕ್ಕವನ್ನೇ ಇಳಿಸಿ ಹಡಗು ಉಳಿಸಿದರು. ಸಮುದ್ರದಲ್ಲಿ ನಾಲ್ಕು ಮುಳುಗಿದವು. ನಮ್ಮ ಆಟದಲ್ಲಿ ಆ ಭಯವಿಲ್ಲ, ಯಾಕೆಂದರೆ ಎದುರಾಳಿ ಗೆಳೆಯ ವೃತ್ತಿಯಿಂದ ಆಡಿಟರು. ಮೇಜಿನಿಂದ ಜಾರಿ ಕುರ್ಚಿಯ ಕೆಳಗೆ ಬಿದ್ದ ದಾಳವನ್ನು ಟಾರ್ಚ್ ಹಾಕಿ ನೋಡಿ, ಬಿದ್ದಷ್ಟೇ ಬರೆದುಕೊಳ್ಳುತ್ತಾನೆ.

ಅವನ ಜತೆ ನನಗೀಗ ನಡೆಯುತ್ತಿರುವ ವ್ಯಾಜ್ಯ ಪಾಯಿಂಟಿನದು. ಈ ಆಟಗಳಲ್ಲಿ ಪ್ರತಿ ತುಕಡಿಗೂ ಬೆಲೆಯಿದೆ: ಟ್ಯಾಂಕಿಗೆ ಇಷ್ಟು, ಮೆಷಿನ್‌ಗನ್ನಿಗೆ ಇಷ್ಟು. ಎರಡೂ ಕಡೆ ಒಟ್ಟು ಸಮವಾಗಿರಬೇಕು. ಜೋಜಿ ಲಾದ ಸಾಮಗ್ರಿ ಓದುತ್ತಾ ಹೋದಂತೆ ನನಗೆ ಸ್ಪಷ್ಟವಾದದ್ದು, ಅಲ್ಲಿ ಟ್ಯಾಂಕಿನಷ್ಟೇ ದೊಡ್ಡ ಕೆಲಸ ರಸ್ತೆಯದು ಎಂದು. ಬಾಲ್ತಾಲಿನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಯ ದಾರಿ. ಅದನ್ನು ಅಗೆದು, ಬಂಡೆ ಸಿಡಿಸಿ, ಟ್ಯಾಂಕು ಹತ್ತುವಷ್ಟು ಅಗಲ ಮಾಡಿದವರು ಮೇಜರ್ ತಂಗರಾಜು ಅವರ ಕೈಕೆಳಗಿನ ಮದ್ರಾಸ್ ಸ್ಯಾಪರ್‌ಗಳು, ನಮ್ಮ ಹಲಸೂರು ಕೆರೆಯ ಪಕ್ಕದ ಕೇಂದ್ರದಲ್ಲಿ ತರಬೇತಾದ ತಂಬಿಗಳು. ಚಳಿಯಲ್ಲಿ, ಎದುರಿನವರ ಕಣ್ಣೆದುರಿಗೆ. ಅವರಿಲ್ಲದಿದ್ದರೆ ಎರಡು ಕ್ಯಾಡಿಲಾಕ್ ಎಂಜಿನ್ನುಗಳು ಬಾಲ್ತಾಲಿನಲ್ಲೇ ಗುರುಗುಟ್ಟುತ್ತಿದ್ದವು. ಆದರೆ ಕಿಟ್ ಅಂಗಡಿಗೆ ಹೋಗಿ ನೋಡಿ. ಟ್ಯಾಂಕು ನೂರು ಬಗೆಯವು ಸಿಗುತ್ತವೆ, ಗುರಿಯಿಟ್ಟ ಸಿಪಾಯಿಗಳು ಡಬ್ಬಗಟ್ಟಲೆ. ಸಲಿಕೆ ಹಿಡಿದವನು ಸಿಗುವುದು ಅಪರೂಪ. ನಿಯಮಪುಸ್ತಕದಲ್ಲಿ ಅವನಿಗೆ ಬೆಲೆ ಅದಕ್ಕಿಂತ ಅಪರೂಪ.

"ಗುಂಡು ಹಾರಿಸದವನಿಗೆ ಯಾವ ಹೆಡ್ಡಿನಲ್ಲಿ ಪಾಯಿಂಟ್ ಹಾಕಲಿ?" ಎಂದು ಆಡಿಟರ್ ಗೆಳೆಯ ಕೇಳಿದ. ನಾನೊಂದು ಕರಡು ನಿಯಮ ಮುಂದಿಟ್ಟೆ: ಸ್ಯಾಪರ್‌ಗಳು ಪ್ರತಿ ಸರದಿಗೆ ದಾಳ ಹಾಕಿ, ಬಿದ್ದಷ್ಟು ಅಂಗುಲ ರಸ್ತೆ ಮುಂದಕ್ಕೆ, ರಸ್ತೆ ಇಲ್ಲದ ಕಡೆ ಟ್ಯಾಂಕು ಕಾಲಿಡುವಂತಿಲ್ಲ. ಅವನು ಲೆಕ್ಕ ಹಾಕಿ, ಹಾಗಾದರೆ ಊಟದ ಹೊತ್ತಿಗೂ ಟ್ಯಾಂಕು ಮೇಲೆ ಬರುವುದಿಲ್ಲ, ಅಲ್ಲಿಯವರೆಗೆ ಬಂಕರಿನಲ್ಲಿ ಕುಳಿತು ತಾನೇನು ಮಾಡಬೇಕು ಎಂದ. ಕಾಯಬೇಕು, ಆ ಕಡೆಯವರೂ ಕಾದಿದ್ದರು, ಎಂದೆ. ಹಾಗಾದರೆ ಹಿಮಕ್ಕೂ ಒಂದು ದಾಳ ಬೇಕು, ಆರು ಬಿದ್ದರೆ ಆ ದಿನದ ಕೆಲಸ ನಿಲ್ಲಬೇಕು ಎಂದ. ಇದು ನ್ಯಾಯವೇ, ನಿಜವಾದ ದಾಳಿಯೂ ಹವೆಯಿಂದ ಮುಂದೆ ಮುಂದೆ ಹೋಗಿತ್ತು. ಹಿಮ ಇತ್ಯರ್ಥವಾಯಿತು. ಪಾಯಿಂಟ್ ಆಗಲಿಲ್ಲ. ಈ ನಡುವೆ ಸಲಿಕೆ ಹಿಡಿದವರು ಸಿಕ್ಕಿದರು, ಆಟದ ರೈಲಿನ ಹಳಿ ಕೆಲಸಗಾರರ ಒಂದು ಪೊಟ್ಟಣ. ಅವರು 1:87ರ ಅಳತೆಯವರು. ಖಾಕಿ ಹಚ್ಚಿ, ಹಿಮ ಉದುರಿಸಿ, ಟ್ಯಾಂಕಿನ ಮುಂದೆ ಸಾಲಾಗಿ ನಿಲ್ಲಿಸಿದೆ. ಗೆಳೆಯ ಜೇಬಿನಿಂದ ಅಡಿಪಟ್ಟಿ ತೆಗೆದು ಒಬ್ಬೊಬ್ಬರನ್ನೂ ಅಳೆದ. "20 ಮಿಲಿಮೀಟರ್. 24 ಇರಬೇಕಿತ್ತು. ಹೋಗಲಿ, ತಲೆಗೆ ಅರ್ಧ ಪಾಯಿಂಟ್ ಕೊಡ್ತೀನಿ," ಎಂದ.

ನಾನು ಮುಕ್ಕಾಲಕ್ಕೆ ಎಳೆಯುತ್ತಿದ್ದೇನೆ.